ವಿಡಿಯೊ ಹಾಕುವುದು ಸುಲಭ, ನಿಲ್ಲಿಸುವುದನ್ನು ಕಲಿಯಿರಿ

ಸ್ಮಾರ್ಟ್ ಕ್ಲಾಸ್ ಬಂದ ಮೇಲೆ ನಮ್ಮ ಹಾಸನ, ಚಿಕ್ಕಮಗಳೂರು ಕಡೆಯ ಶಾಲೆಗಳಲ್ಲಿ ಹೊಸ ಬಗೆಯ ಪೀರಿಯಡ್ ಒಂದು ಹುಟ್ಟಿಕೊಂಡಿದೆ. ಮೇಷ್ಟ್ರು ಟಿ.ವಿ. ಹಾಕುತ್ತಾರೆ, ಯೂಟ್ಯೂಬ್‌ನಲ್ಲಿ ಪಾಠದ ಹೆಸರು ಹುಡುಕುತ್ತಾರೆ, ಮೊದಲು ಸಿಕ್ಕಿದ್ದನ್ನು ಒತ್ತಿ ಹಿಂದಿನ ಬೆಂಚಿನಲ್ಲಿ ಕುಳಿತು ಅಂಕಪಟ್ಟಿ ತುಂಬುತ್ತಾರೆ. ಬೆಲ್ ಹೊಡೆಯುವ ಹೊತ್ತಿಗೆ ‘ಎಲ್ಲರಿಗೂ ಅರ್ಥವಾಯಿತಾ?’ ಎಂಬ ಪ್ರಶ್ನೆ, ‘ಆಯಿತು ಸಾರ್’ ಎಂಬ ಒಕ್ಕೊರಲ ಉತ್ತರ. ಮರುದಿನ ಕೇಳಿದರೆ ಮಕ್ಕಳಿಗೆ ನೆನಪಿರುವುದು ಹಿನ್ನೆಲೆ ಸಂಗೀತ ಮತ್ತು ನಡುವೆ ಬಂದ ಸೋಪಿನ ಜಾಹೀರಾತು. ಇದಕ್ಕೆ ವಿಡಿಯೊವನ್ನು ದೂರಿ ಫಲವಿಲ್ಲ. ಹೀಗೆ ಮಾಡಿ ನೋಡಿ.

1. ಮೊದಲು ನೀವು ನೋಡಿ

ಪೂರ್ತಿ ನೋಡಿ. ಮೊದಲ ಒಂದು ನಿಮಿಷ ನೋಡಿ ‘ಚೆನ್ನಾಗಿದೆ’ ಎಂದು ತೀರ್ಮಾನಿಸಬೇಡಿ. ಎಡವಟ್ಟು ಸಾಮಾನ್ಯವಾಗಿ ಏಳನೆಯ ನಿಮಿಷದಲ್ಲಿ ಇರುತ್ತದೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ನಿಂದ ತೆರೆದುಕೊಳ್ಳುವ, ಸರ್ಕಾರದ ಕಲಿಕಾ ತಾಣವಾದ ದೀಕ್ಷಾದ ವಿಡಿಯೊಗಳಿಂದ ಆರಂಭಿಸುವುದು ಕ್ಷೇಮ. ಪಾಠಕ್ಕೆ ಹೊಂದಿಕೊಂಡಿರುತ್ತವೆ, ಜಾಹೀರಾತಿನ ಕಾಟವೂ ಇಲ್ಲ.

ಆರು ನಿಮಿಷಕ್ಕಿಂತ ಉದ್ದದ್ದು ಬೇಡ. ಎಡ್‌ಎಕ್ಸ್ ಎಂಬ ಆನ್‌ಲೈನ್ ಕೋರ್ಸುಗಳ ತಾಣದಲ್ಲಿ ವಿಡಿಯೊ ನೋಡಿದ 69 ಲಕ್ಷ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ವಿಡಿಯೊ ಎಷ್ಟೇ ಉದ್ದವಿದ್ದರೂ ವಿದ್ಯಾರ್ಥಿಗಳು ಸಾಮಾನ್ಯವಾಗಿ ನೋಡುತ್ತಿದ್ದುದು ಹೆಚ್ಚೆಂದರೆ ಆರು ನಿಮಿಷ. ಅವರು ತಾವಾಗಿಯೇ ಹೆಸರು ನೋಂದಾಯಿಸಿಕೊಂಡು ಓದಲು ಬಂದವರು. ಊಟದ ಬಳಿಕದ ಪೀರಿಯಡ್‌ನಲ್ಲಿ ಕುಳಿತ ಏಳನೆಯ ತರಗತಿಯ ಹುಡುಗರಿಂದ ಅದಕ್ಕಿಂತ ಹೆಚ್ಚು ನಿರೀಕ್ಷಿಸುವುದು ನ್ಯಾಯವಲ್ಲ. ಅರ್ಧ ಗಂಟೆಯ ವಿಡಿಯೊ ತುಂಬಾ ಇಷ್ಟವಾಗಿದ್ದರೆ ಬೇಕಾದ ನಾಲ್ಕು ನಿಮಿಷ ಎಲ್ಲಿಂದ ಎಲ್ಲಿಯವರೆಗೆ ಎಂದು ಗುರುತು ಹಾಕಿಕೊಳ್ಳಿ, ಉಳಿದದ್ದನ್ನು ಬಿಡಿ.

ಇತ್ತೀಚೆಗೆ ಯಂತ್ರದ ದನಿಯಲ್ಲಿ ಕನ್ನಡಕ್ಕೆ ಡಬ್ ಆದ ವಿಡಿಯೊಗಳು ರಾಶಿ ಬಿದ್ದಿವೆ. ವಾಕ್ಯವನ್ನು ಎಲ್ಲೆಂದರಲ್ಲಿ ತುಂಡರಿಸಿ ಓದುವ ಆ ದನಿಯನ್ನು ತರಗತಿಯೊಳಗೆ ಬಿಡಬೇಡಿ. ಅದಕ್ಕಿಂತ ಇಂಗ್ಲಿಷ್ ವಿಡಿಯೊ ಹಾಕಿ, ಧ್ವನಿ ಪೂರ್ತಿ ತೆಗೆದು, ನೀವೇ ಕನ್ನಡದಲ್ಲಿ ವಿವರಿಸುವುದು ಎಷ್ಟೋ ಮೇಲು.

2. ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ

ನೆಟ್‌ವರ್ಕ್ ನಂಬಬೇಡಿ. ದೀಕ್ಷಾದ ವಿಡಿಯೊಗಳನ್ನು ಆ್ಯಪ್‌ನೊಳಗೇ ಇಳಿಸಿ ಇಟ್ಟುಕೊಳ್ಳಬಹುದು. ಪೆನ್‌ಡ್ರೈವ್ ಆದರೆ ಹಿಂದಿನ ದಿನವೇ ಶಾಲೆಯ ಟಿ.ವಿ.ಗೆ ಚುಚ್ಚಿ ನೋಡಿ, ಹಳೆಯ ಟಿ.ವಿ.ಗಳು ಕೆಲವು ಬಗೆಯ ಫಾರ್ಮ್ಯಾಟ್ ಓದುವುದಿಲ್ಲ. ಪೆನ್‌ಡ್ರೈವನ್ನು ಕಂಪ್ಯೂಟರಿನಲ್ಲಿ ‘ಫ್ಯಾಟ್32’ ಎಂಬ ಮಾದರಿಗೆ ಫಾರ್ಮ್ಯಾಟ್ ಮಾಡಿದರೆ ಬಹುತೇಕ ಎಲ್ಲ ಟಿ.ವಿ.ಗಳೂ ಓದುತ್ತವೆ, ಆದರೆ 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ಹಿಡಿಸುವುದಿಲ್ಲ.

ಪ್ರೊಜೆಕ್ಟರ್ ಕೊಳ್ಳಲು ಹೊರಟ ಎಸ್‌ಡಿಎಂಸಿಯವರಿಗೆ (ಶಾಲಾಭಿವೃದ್ಧಿ ಸಮಿತಿಯವರಿಗೆ) ಇಲ್ಲೇ ಒಂದು ಮಾತು. ಅಗ್ಗದ ಪ್ರೊಜೆಕ್ಟರ್‌ನ ಡಬ್ಬಿಯ ಮೇಲೆ ‘4ಕೆ ಸಪೋರ್ಟ್’ ಎಂದು ಬರೆದಿದ್ದರೆ 4ಕೆ, ಅಂದರೆ ಅತಿ ಸ್ಪಷ್ಟ ಚಿತ್ರದ ವಿಡಿಯೊವನ್ನು ಅದು ಒಳಗೆ ತೆಗೆದುಕೊಳ್ಳುತ್ತದೆ ಎಂದಷ್ಟೇ ಅರ್ಥ, ಗೋಡೆಯ ಮೇಲೆ 4ಕೆ ತೋರಿಸುತ್ತದೆ ಎಂದಲ್ಲ. ಕಿಟಕಿಗೆ ಪರದೆಯಿಲ್ಲದ ಕೊಠಡಿಯಲ್ಲಿ ಹಗಲು ಹೊತ್ತು ಅದರ ಚಿತ್ರ ಕಾಣುವುದೂ ಇಲ್ಲ. ಅದೇ ಹಣಕ್ಕೆ ಚಿಕ್ಕದಾದರೂ ಸರಿ, ಟಿ.ವಿ. ತನ್ನಿ.

3. ಕೊಠಡಿ

ಟಿ.ವಿ. ಹಿಂದೆ ಕಿಟಕಿ ಇರಬಾರದು. ಕೊನೆಯ ಬೆಂಚಿನಲ್ಲಿ ನೀವೇ ಕುಳಿತು ತೆರೆಯ ಮೇಲಿನ ಅಕ್ಷರ ಓದಿ ನೋಡಿ. ಇಷ್ಟು ಸಾಕು.

4. ನಿಲ್ಲಿಸುವುದು

ಎಲ್ಲರೂ ಎಡವುವುದು ಇಲ್ಲಿ. ಓಡುತ್ತಿರುವ ವಿಡಿಯೊವನ್ನು ನಿಲ್ಲಿಸಿದರೆ ಮಕ್ಕಳು ಮುಖ ಸಿಂಡರಿಸುತ್ತಾರೆ ಎಂಬ ಅಳುಕಿನಿಂದ ಮೇಷ್ಟ್ರು ರಿಮೋಟ್ ಮುಟ್ಟುವುದಿಲ್ಲ. ಮುಟ್ಟಬೇಕು. ಐದು ನಿಮಿಷದ ವಿಡಿಯೊಗೆ ಮೂರು ನಿಲುಗಡೆ ಎಂದು ಇಟ್ಟುಕೊಳ್ಳಿ. ಎಲ್ಲಿ ನಿಲ್ಲಿಸಬೇಕೆಂದು ಮೊದಲೇ ಚೀಟಿಯಲ್ಲಿ ಬರೆದುಕೊಳ್ಳಿ: ‘1.40, ಜೇನ್ನೊಣ ಹಾರುವ ಮೊದಲು’ ಎನ್ನುವಷ್ಟು ಖಚಿತವಾಗಿ.

ಪರಾಗಸ್ಪರ್ಶದ ಪಾಠವನ್ನೇ ತೆಗೆದುಕೊಳ್ಳಿ. ಜೇನ್ನೊಣ ಹೂವಿನ ಮೇಲೆ ಕುಳಿತು ಮಕರಂದ ಹೀರುವ ದೃಶ್ಯ ಇಂಥ ವಿಡಿಯೊಗಳಲ್ಲಿ ಇದ್ದೇ ಇರುತ್ತದೆ. ಅದು ಹಾರುವ ಮೊದಲು ನಿಲ್ಲಿಸಿ. ‘ಅದರ ಕಾಲಿಗೆ, ಮೈಗೆ ಏನು ಮೆತ್ತಿಕೊಂಡಿದೆ? ಈಗ ಅದು ಎಲ್ಲಿಗೆ ಹೋಗುತ್ತದೆ? ಹೋದರೆ ಏನಾಗುತ್ತದೆ?’ ಉತ್ತರವನ್ನು ಬಾಯಲ್ಲಿ ಹೇಳಿಸಬೇಡಿ, ಪುಸ್ತಕದ ಅಂಚಿನಲ್ಲಿ ಒಂದು ಸಾಲು ಬರೆಸಿ. ಬಾಯಲ್ಲಿ ಹೇಳಿಸಿದರೆ ಮುಂದಿನ ಬೆಂಚಿನ ಇಬ್ಬರು ಕೂಗುತ್ತಾರೆ, ಉಳಿದವರು ಅವರ ನೆರಳಿನಲ್ಲಿ ತಪ್ಪಿಸಿಕೊಳ್ಳುತ್ತಾರೆ. ಆಮೇಲೆ ವಿಡಿಯೊ ಓಡಿಸಿ. ತಾನು ಬರೆದದ್ದು ಸರಿಯೋ ತಪ್ಪೋ ಎಂದು ನೋಡಲು ಕೊನೆಯ ಬೆಂಚಿನವನೂ ಕತ್ತು ಚಾಚುತ್ತಾನೆ.

ಎರಡನೆಯ ನಿಲುಗಡೆಯನ್ನು ತೆರೆಯಿಂದ ಹೊರಗೆ, ಊರಿನೊಳಗೆ ತನ್ನಿ. ವಿಡಿಯೊದಲ್ಲಿರುವುದು ಸೂರ್ಯಕಾಂತಿ, ನಮ್ಮ ಮಕ್ಕಳು ಬಲ್ಲದ್ದು ಕಾಫಿ ಹೂ. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ‘ಹೂಮಳೆ’ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುವುದನ್ನು ಅವರು ಕಂಡಿರುತ್ತಾರೆ. ಈಗ ಕೇಳಿ: ‘ಹೂವಿಗಾಗಿ ಮಳೆ ಕಾಯುವ ತೋಟದವರು, ಹೂ ಅರಳಿದ ದಿನವೇ ಜೋರು ಮಳೆ ಬಂದರೆ ತಲೆಯ ಮೇಲೆ ಕೈ ಹೊತ್ತು ಕೂರುವುದೇಕೆ?’ ಮೂಡಿಗೆರೆ, ಸಕಲೇಶಪುರದ ಮಕ್ಕಳಿಗೆ ಅಪ್ಪ ಬೈದುಕೊಂಡದ್ದು ಗೊತ್ತು, ಕಾರಣ ಗೊತ್ತಿರುವುದಿಲ್ಲ. ಪರಾಗ ತೊಯ್ದು ತೊಳೆದುಹೋಗುತ್ತದೆ, ಜೇನ್ನೊಣವೂ ಹೊರಡುವುದಿಲ್ಲ ಎಂಬ ಉತ್ತರವನ್ನು ಅವರೇ ಹುಡುಕಿ ತೆಗೆಯಲಿ. ಅಲ್ಲಿಂದ ಸ್ವಕೀಯ, ಪರಕೀಯ ಪರಾಗಸ್ಪರ್ಶಕ್ಕೆ ದಾಟುವುದು ಒಂದೇ ಹೆಜ್ಜೆ: ಕಾಫಿಯ ಎರಡು ಬಗೆಗಳಲ್ಲಿ ಅರೇಬಿಕಾ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ, ರೋಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಬೇಕು. ಪುಸ್ತಕದಲ್ಲಿ ಬಾಯಿಪಾಠ ಮಾಡುತ್ತಿದ್ದ ಎರಡು ಪದಗಳಿಗೆ ಈಗ ಎರಡು ಗಿಡಗಳು ಸಿಕ್ಕವು.

ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರಿ. ಇದು ನಮ್ಮವರಿಗೆ ಬಲು ಕಷ್ಟ. ಶಿಕ್ಷಕರು ಪ್ರಶ್ನೆ ಕೇಳಿ ಕಾಯುವುದು ಸಾಮಾನ್ಯವಾಗಿ ಒಂದೇ ಸೆಕೆಂಡು ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ಅಳೆದು ತೋರಿಸಿದ್ದರು. ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಬಾಯಿ ಬಿಡದವರೂ ಮಾತನಾಡುತ್ತಾರೆ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ.

ಇನ್ನೊಂದು ಕೆಟ್ಟ ಅಭ್ಯಾಸವೆಂದರೆ, ವಿಡಿಯೊದ ದನಿ ನಡೆಯುತ್ತಿರುವಾಗಲೇ ಅದರ ಮೇಲೆ ಮೇಷ್ಟ್ರು ಮಾತನಾಡುವುದು. ಮಕ್ಕಳಿಗೆ ಎರಡೂ ಕೇಳುವುದಿಲ್ಲ. ಮಾತನಾಡಬೇಕಿದ್ದರೆ ವಿಡಿಯೊ ನಿಲ್ಲಿಸಿ.

5. ಮತ್ತೊಮ್ಮೆ, ಧ್ವನಿ ಇಲ್ಲದೆ

ಎರಡನೆಯ ಬಾರಿ ಧ್ವನಿ ತೆಗೆದು ಓಡಿಸಿ, ವಿವರಣೆ ಮಕ್ಕಳದ್ದು. ಒಬ್ಬರು ಅರ್ಧ ನಿಮಿಷ, ನಂತರ ಪಕ್ಕದವರು. ಯಾರಿಗೆ ಎಲ್ಲಿ ಗೊಂದಲ ಎಂಬುದು ಯಾವ ಕಿರುಪರೀಕ್ಷೆಗಿಂತಲೂ ಬೇಗ ಹೊರಬೀಳುತ್ತದೆ. ಜುಲೈ ಮಳೆಗೆ ತಗಡಿನ ಸೂರು ಸದ್ದು ಮಾಡಿ ಏನೂ ಕೇಳದ ಕೊಠಡಿಗಳಲ್ಲಿ ಈ ಹಂತವೇ ಮೊದಲ ಹಂತವಾಗಲಿ. ಆ ಸದ್ದಿನ ಮೇಲೆ ಗೆಲ್ಲಲು ಬ್ಲೂಟೂತ್ ಸ್ಪೀಕರ್ ತರುವವರಿದ್ದಾರೆ. ‘ಡೀಪ್ ಬಾಸ್’ ಎಂದು ಮಾರುವ ಅಗ್ಗದ ಡಬ್ಬಿಗಳಲ್ಲಿ ಹಾಡು ಗುಮ್ಮೆನ್ನುತ್ತದೆ, ಮಾತು ಮಾತ್ರ ಕೇಳಿಸುವುದಿಲ್ಲ.

6. ಟಿ.ವಿ. ಆರಿಸಿ, ಬರೆಸಿ

ತೆರೆ ಕಪ್ಪಾದ ಮೇಲೆ ಹೂವಿನ ಚಿತ್ರ ಬಿಡಿಸಿ ಪರಾಗ ಇರುವ ಪರಾಗಕೋಶ, ಪರಾಗ ಬಂದು ಅಂಟುವ ಶಲಾಕಾಗ್ರ ಗುರುತಿಸಲಿ. ತೆರೆ ನೋಡಿ ನಕಲು ಮಾಡಿಸುವುದು ಬೇಡ.

ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ಲಿಂಕ್ ಕಳುಹಿಸಿ ‘ಮನೆಯಲ್ಲಿ ನೋಡಿ’ ಎಂದು ಕೈ ತೊಳೆದುಕೊಳ್ಳುವುದೂ ಬೇಡ. ಫೋನ್ ಅಪ್ಪನ ಜೇಬಿನಲ್ಲಿ ತೋಟಕ್ಕೆ ಹೋಗಿರುತ್ತದೆ. ಅಂದು ಗೈರಾಗಿದ್ದವರಿಗೆ ಮರುದಿನ ಊಟದ ವಿರಾಮದಲ್ಲಿ ತೋರಿಸಿ; ಪ್ರಶ್ನೆ ಕೇಳುವ ಕೆಲಸವನ್ನು ಹಿಂದಿನ ದಿನ ನೋಡಿದ ಒಬ್ಬ ವಿದ್ಯಾರ್ಥಿಗೆ ವಹಿಸಿ. ನಿಲುಗಡೆಯ ಚೀಟಿಯನ್ನು ಬಿಸಾಡದೆ ಪಠ್ಯಪುಸ್ತಕದ ಅದೇ ಪುಟಕ್ಕೆ ಅಂಟಿಸಿಡಿ. ಮುಂದಿನ ವರ್ಷಕ್ಕೆ ಬೇಕಾಗುತ್ತದೆ.