ಡೀನ್ ಕೈಯಲ್ಲಿರುವುದು ವೇಳಾಪಟ್ಟಿ

ಹಾಸನದ ಕಡೆಯ ವೈದ್ಯಕೀಯ ಕಾಲೇಜೊಂದಕ್ಕೆ ನಾನು ಡೀನ್ ಆಗಿದ್ದು ಪ್ರಭಾರದ ಮೇಲೆ. ಹಿಂದಿನವರು ನಿವೃತ್ತರಾದರು, ಸೇವಾ ಹಿರಿತನದಲ್ಲಿ ಮುಂದಿನ ಹೆಸರು ನನ್ನದಿತ್ತು, ಅಷ್ಟೇ. ಅಲ್ಲಿಯವರೆಗೆ ಜನರಲ್ ಮೆಡಿಸಿನ್‌ನಲ್ಲಿ ವಾರ್ಡು, ಒಪಿಡಿ, ಪಾಠ ಎಂದುಕೊಂಡು ಇದ್ದವಳು. ಮೊದಲ ವಾರ ಮೇಜಿಗೆ ಬಂದ ಕಡತಗಳಲ್ಲಿ ಒಬ್ಬ ರೋಗಿಯ ಹೆಸರೂ ಇರಲಿಲ್ಲ. ಲಿಫ್ಟ್ ರಿಪೇರಿ, ಹಾಸ್ಟೆಲ್ ನೀರಿನ ಟ್ಯಾಂಕು, ಬೋಧಕರ ಆಧಾರ್ ಹಾಜರಾತಿ, ಮರುಟೆಂಡರು.

ಡೀನ್ ಮನಸ್ಸು ಮಾಡಿದರೆ ಏನು ಬೇಕಾದರೂ ಆಗುತ್ತದೆ ಎಂದು ಹೊರಗಿನವರು ತಿಳಿದಿರುತ್ತಾರೆ. ಹುದ್ದೆ ಮಂಜೂರು ಮಾಡುವುದು ಸರ್ಕಾರ. ಪರೀಕ್ಷೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ್ದು. ಏನು ಕಲಿಸಬೇಕೆಂದು ಹೇಳುವುದು 2020ರಲ್ಲಿ ಭಾರತೀಯ ವೈದ್ಯಕೀಯ ಮಂಡಳಿಯ ಜಾಗಕ್ಕೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗ. ನನ್ನ ಪಾಲಿಗೆ ನಿಜವಾಗಿ ಉಳಿದಿದ್ದು ಯಾವ ಬ್ಯಾಚ್ ಯಾವ ಹೊತ್ತಿಗೆ ಎಲ್ಲಿರಬೇಕು ಎಂಬ ವೇಳಾಪಟ್ಟಿ. ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ.

ಕೈ ಹಾಕಿದ್ದು ಕುಟುಂಬ ದತ್ತು ಕಾರ್ಯಕ್ರಮಕ್ಕೆ. 2021ರ ಬ್ಯಾಚಿನಿಂದ ಎಂಬಿಬಿಎಸ್ ವಿದ್ಯಾರ್ಥಿಗಳು ಮೊದಲ ವರ್ಷದಲ್ಲೇ ಹಳ್ಳಿಯ ಕೆಲವು ಮನೆಗಳನ್ನು ವಹಿಸಿಕೊಂಡು, ಮುಂದಿನ ವರ್ಷಗಳಲ್ಲೂ ಅದೇ ಮನೆಗಳಿಗೆ ಹೋಗಬೇಕು. ಒಳ್ಳೆಯ ಯೋಚನೆ. ಆದರೆ ನಮ್ಮ ಬಸ್ಸು ಹೊರಡುತ್ತಿದ್ದುದು ಬೆಳಿಗ್ಗೆ ಹತ್ತಕ್ಕೆ. ಆಲೂಗಡ್ಡೆ ನೆಡುವ ಮೇ-ಜೂನ್‌ನಲ್ಲಿ ಆ ಹೊತ್ತಿಗೆ ಮನೆಯಲ್ಲಿ ಯಾರಿರುತ್ತಾರೆ? ಹಿಮೋಗ್ಲೋಬಿನ್ ನೋಡಬೇಕಾದ ಸೊಸೆ ಹೊಲದಲ್ಲಿ, ಬಿಪಿ ನೋಡಬೇಕಾದ ಯಜಮಾನ ಎಪಿಎಂಸಿಯಲ್ಲಿ. ಫಾರಂಗಳು ಮಾತ್ರ ಚೆನ್ನಾಗಿ ತುಂಬುತ್ತಿದ್ದವು.

ಭೇಟಿಯನ್ನು ಸಂಜೆಗೆ ಹಾಕಬೇಕಾದರೆ ಅನಾಟಮಿಯವರ ಮಧ್ಯಾಹ್ನದ ಡಿಸೆಕ್ಷನ್, ಅಂದರೆ ಶವಚ್ಛೇದನದ ತರಗತಿ, ಬೆಳಿಗ್ಗೆಗೆ ಬರಬೇಕು. ಅವರ ಹತ್ತಿರ ಗಂಟೆ ಕೇಳುವುದೆಂದರೆ ದಾಯಾದಿಯ ಹತ್ತಿರ ಬದು ಸರಿಸು ಎಂದ ಹಾಗೆ. ವಿಭಾಗದ ಮುಖ್ಯಸ್ಥರು ಪೂರ್ತಿ ಕೇಳಿಸಿಕೊಂಡು, "ಮೇಡಂ, ನಮ್ಮ ಗಂಟೆ ಕಡಿಮೆ ಆಗಲ್ಲ ಅಂತ ಬರೆದು ಕೊಡಿ" ಎಂದರು. ಅವರದೂ ನ್ಯಾಯವೇ. ಥಿಯರಿಗೆ ಶೇ 75, ಪ್ರಾಯೋಗಿಕಕ್ಕೆ ಶೇ 80 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವಂತಿಲ್ಲ. ಬರೆದು ಕೊಟ್ಟೆ. ಆಮೇಲೆ ಎದ್ದಿದ್ದು ಹುಡುಗಿಯರ ಹಾಸ್ಟೆಲ್ ಗೇಟಿನ ಪ್ರಶ್ನೆ. ಹುಡುಗರಿಗಿಲ್ಲದ ಗಡಿಯಾರ ಇವರಿಗೇಕೆ ಎಂದು ವಾರ್ಡನ್ ಜೊತೆ ವಾದಿಸಿ, ಕೊನೆಗೆ ಬಸ್ಸು ನೇರ ಗೇಟಿಗೇ ಬಂದು ನಿಲ್ಲಲಿ, ಜೊತೆಗೊಬ್ಬ ಮಹಿಳಾ ಬೋಧಕರು ಇರಲಿ ಎಂಬಲ್ಲಿಗೆ ಇಬ್ಬರೂ ಒಪ್ಪಿದೆವು.

ಸಂಜೆಯ ಭೇಟಿಗೆ ನಾನೂ ಆಗಾಗ ಹೋಗುತ್ತಿದ್ದೆ. ಒಂದು ಮನೆಯ ಜಗಲಿಯಲ್ಲಿ ಕಲಬುರಗಿಯ ಹುಡುಗಿಯೊಬ್ಬಳು ಅಜ್ಜಿಯ ಬಿಪಿ ನೋಡುತ್ತಿದ್ದಳು: 180/100. ಅಜ್ಜಿ ಎಲೆಅಡಿಕೆ ಚೀಲದಿಂದ ಬಿಪಿ ಮಾತ್ರೆಯ, ಅಮ್ಲೋಡಿಪಿನ್ ಶೀಟು ತೆಗೆದರು. ಆಸ್ಪತ್ರೆಯಲ್ಲಿ ಕೊಟ್ಟು ತಿಂಗಳುಗಳಾಗಿದ್ದರೂ ಮಾತ್ರೆ ಹೆಚ್ಚೂಕಡಿಮೆ ಹಾಗೇ ಇದ್ದವು.

"ದಿನಾ ತಗೊಳ್ಳಲ್ವಾ ಅಜ್ಜಿ?"

"ತಲೆ ತಿರುಗ್ದಾಗ ತಗತೀನಿ ಕಣವ್ವ. ಚೆನ್ನಾಗಿದ್ದಾಗ ಯಾಕೆ ಸುಮ್ನೆ?"

ಹುಡುಗಿ ನನ್ನ ಮುಖ ನೋಡಿದಳು. ನಾನು ಬಾಯಿ ಬಿಡಲಿಲ್ಲ. ಅವಳೇ ಯೋಚಿಸಿ, ಅಷ್ಟು ಹೊತ್ತಿಗೆ ಹೊಲದಿಂದ ಬಂದಿದ್ದ ಸೊಸೆಯನ್ನು ಕರೆದು ಕೂರಿಸಿಕೊಂಡು, ತಲೆ ತಿರುಗದಿದ್ದರೂ ಬಿಪಿ ಏರಿರುತ್ತದೆಂದು ಬಿಪಿ ಯಂತ್ರದ ಪಟ್ಟಿ ಕಟ್ಟಿ ತೋರಿಸಿದಳು. ಬೆಳಿಗ್ಗೆ ಕಾಫಿ ಲೋಟದ ಜೊತೆ ಮಾತ್ರೆ ಕೊಡುವ ಜವಾಬ್ದಾರಿ ಸೊಸೆಗೆ ಬಂತು. ಮುಂದಿನ ಭೇಟಿಗೆ ಶೀಟು ಖಾಲಿಯಾಗಿತ್ತು, ಹೊಸ ಶೀಟು ತಂದುಕೊಡಲು ಆಶಾ ಕಾರ್ಯಕರ್ತೆಗೆ ಹೇಳಿದ್ದೂ ಆಗಿತ್ತು. ಬೆಳಗಿನ ಬಸ್ಸಿನಲ್ಲಿ ಹೋಗಿದ್ದರೆ ಆ ಸೊಸೆ ಸಿಗುತ್ತಲೇ ಇರಲಿಲ್ಲ.

ಬುಧವಾರದ ಒಪಿಡಿಯನ್ನು ಮಾತ್ರ ನಾನು ಯಾರಿಗೂ ಬಿಟ್ಟುಕೊಡಲಿಲ್ಲ. ರಕ್ತಪರೀಕ್ಷೆಯ ವರದಿ ಮಧ್ಯಾಹ್ನ ಎರಡಾದರೂ ಬಾರದೆ ಬೇಲೂರು, ಆಲೂರಿನ ರೋಗಿಗಳು ಬಸ್ಸು ತಪ್ಪಿಸಿಕೊಳ್ಳುತ್ತಿದ್ದುದು ನನಗೆ ತಿಳಿದದ್ದು ಅಲ್ಲೇ, ಯಾವ ಪರಿಶೀಲನಾ ಸಭೆಯಲ್ಲೂ ಅಲ್ಲ. ದೂರದೂರಿನವರ ಮಾದರಿ ಮೊದಲು ಹಾಕಿ ಎಂದು ಲ್ಯಾಬಿಗೆ ಹೇಳಿದ್ದಕ್ಕೆ ಕಡತ ಬೇಕಾಗಲಿಲ್ಲ. ಕಚೇರಿಯ ಅಧೀಕ್ಷಕರು ಮಾತ್ರ ಬುಧವಾರವೂ ಸಹಿಯ ಕಡತಗಳನ್ನು ಒಪಿಡಿಗೇ ಹೊತ್ತು ತರುತ್ತಿದ್ದರು. ಟೋಕನ್ ತಗೊಂಡು ಬನ್ನಿ ಎಂದರೆ ನಗುತ್ತಿದ್ದರು, ಹೋಗುತ್ತಿರಲಿಲ್ಲ.