ಬ್ರೇಕ್ ಎಂಬ ಒಂದು ಶಬ್ದ, ಎಲ್ಲಿ ಹಾಕ್ಬಹುದು ಎಲ್ಲಿ ಹಾಕ್ಲಿಕ್ಕಿಲ್ಲ

ಇಂಗ್ಲಿಷ್ ಡಿಕ್ಷನರಿಯಲ್ಲಿ ಬ್ರೇಕ್ (break) ಅಂತ ತೆಗೆದ್ರೆ ಅರ್ಥಗಳ ದೊಡ್ಡ ಪಟ್ಟಿಯೇ ಉಂಟು, ಅದನ್ನೆಲ್ಲ ಬಾಯಿಪಾಠ ಮಾಡ್ಲಿಕ್ಕೆ ಹೋಗ್ಬೇಡಿ ಮಾರಾಯ್ರೆ, ಆಗುದೂ ಇಲ್ಲ. ನಾನು ಟ್ಯೂಷನಿಗೆ ಬರುವ ಮಕ್ಕಳಿಗೆ ಹೇಳುದು ಇಷ್ಟೇ, ಮೊದ್ಲು ಕೈಯಲ್ಲಿ ಹಿಡೀಲಿಕ್ಕೆ ಆಗುವ ವಸ್ತುವಿನ ಬ್ರೇಕ್ ಸರಿ ಮಾಡ್ಕೊಳ್ಳಿ, ಆಮೇಲೆ ಕಣ್ಣಿಗೆ ಕಾಣದ ಬ್ರೇಕ್ ಬಂದಾಗ "ಇಲ್ಲಿ ಇಡಿಯಾಗಿ ಇದ್ದದ್ದು ಎಂತ, ಇಲ್ಲಾಂದ್ರೆ ನಿಲ್ಲದೆ ನಡೀತಾ ಇದ್ದದ್ದು ಎಂತ" ಅಂತ ಒಂದು ಪ್ರಶ್ನೆ ಕೇಳಿ.

ಮೊದ್ಲು ವಸ್ತು. ನಮ್ಮಲ್ಲಿ ತೆಂಗಿನಕಾಯಿ ಒಡೀತದೆ, ಕೋಲು ಮುರೀತದೆ, ಹಗ್ಗ ತುಂಡಾಗ್ತದೆ, ಬಟ್ಟೆ ಹರೀತದೆ. ಇಂಗ್ಲಿಷಿನವರು ಮೊದಲ ಮೂರಕ್ಕೂ ಬ್ರೇಕ್ ಅಂತ್ಲೇ ಹೇಳಿ ಕೈತೊಳ್ಕೊಳ್ತಾರೆ. ಉಡುಪಿಯಲ್ಲಿ ವಿಟ್ಲಪಿಂಡಿ ದಿನ, ಅಂದ್ರೆ ಕೃಷ್ಣಾಷ್ಟಮಿಯ ಮರುದಿನ, ರಥಬೀದಿಯಲ್ಲಿ ಗೊಲ್ಲರು ಕೋಲು ಹಿಡ್ಕೊಂಡು ಗುರ್ಜಿಗೆ (ಮರದ ಚೌಕಟ್ಟಿಗೆ) ಕಟ್ಟಿದ ಮಡಕೆ ಒಡೆಯುದು ಬ್ರೇಕ್, ಆ ನೂಕುನುಗ್ಗಲಲ್ಲಿ ಯಾರದ್ದಾದ್ರೂ ಕೈ ಮುರಿದ್ರೆ ಅದೂ ಬ್ರೇಕ್, ಆದ್ರೆ ಅಂಗಿ ಹರಿದ್ರೆ ಅದು ಟೇರ್. ಬಟ್ಟೆ, ಕಾಗದ, ಮೀನಿನ ಬಲೆ ಎಲ್ಲ ಟೇರ್ ಲೆಕ್ಕಕ್ಕೆ. ಹಾಲು ನಮ್ಮಲ್ಲಿ ಒಡೀತದೆ ಅಂತ ಅಲ್ಲಿಯೂ ಒಡೆಯುದಿಲ್ಲ, ಅದಕ್ಕೆ ಕರ್ಡಲ್. ನುಚ್ಚಕ್ಕಿ ಮಾತ್ರ ಸೀದಾ ಬ್ರೋಕನ್ ರೈಸ್, ಅದ್ರಲ್ಲಿ ತಲೆಬಿಸಿ ಇಲ್ಲ.

ಇನ್ನು ಮೊಬೈಲ್. ಒಂದು ಗೀರೂ ಬೀಳದೆ ಸುಮ್ನೆ ಆನ್ ಆಗ್ತಾ ಇಲ್ಲ, ಆಗ್ಲೂ "ಮೈ ಫೋನ್ ಈಸ್ ಬ್ರೋಕನ್" ಅಂತಾರೆ. ಇಲ್ಲಿ ತುಂಡಾದದ್ದು ಗ್ಲಾಸಲ್ಲ, ಕೆಲಸ ನಿಂತದ್ದು, ನಾವು ಹಾಳಾಯ್ತು ಅನ್ನುದಿಲ್ವಾ, ಅದೇ. ಬಸ್ಸು ದಾರಿ ಮಧ್ಯ ಕೆಟ್ಟು ನಿಂತ್ರೆ ಬ್ರೋಕ್ ಡೌನ್. ಮನುಷ್ಯರಿಗೆ ಬ್ರೋಕ್ ಡೌನ್ ಅಂದ್ರೆ ತಡ್ಕೊಳ್ಳಿಕ್ಕೆ ಆಗದೆ ಅತ್ತುಬಿಟ್ರು ಅಂತ.

ವಸ್ತುವಿಂದ ಭಾವಕ್ಕೆ ದಾಟುವ ಜಾಗ ನೋಡ್ಬೇಕಾದ್ರೆ ಉಡುಪಿ ಹತ್ರದ ಮಲ್ಪೆ ಸೀ ವಾಕಿಗೆ ಹೋಗಿ, ಅದು ಸಮುದ್ರದೊಳಗೆ ಚಾಚಿದ ಕಲ್ಲಿನ ದಂಡೆಯ ಮೇಲಿನ ನಡೆದಾರಿ. ಆ ಕಲ್ಲಿನ ದಂಡೆಯ ಹೆಸ್ರೇ ಬ್ರೇಕ್‌ವಾಟರ್, ದೊಡ್ಡ ಅಲೆ ಬಂದು ಬಡಿದು ಅಲ್ಲೇ ಜೋರು ಕಳ್ಕೊಳ್ತದೆ, ಒಳಗೆ ಬಂದರಲ್ಲಿ ಬೋಟುಗಳು ಅಲ್ಲಾಡದೆ ನಿಲ್ತವೆ. ನೀರು ತುಂಡಾಗ್ಲಿಲ್ಲ, ಅದ್ರ ಓಟ ತುಂಡಾಯ್ತು. ಇಷ್ಟು ತಲೆಗೆ ಹೋದ್ರೆ ಉಳಿದದ್ದು ಸುಲಭ. ಏಕಾದಶಿಗೆ ಊಟ ಬಿಟ್ಟು ದ್ವಾದಶಿ ಬೆಳಿಗ್ಗೆ ಬೇಗ ಪಾರಣೆ ಮಾಡ್ತಾರಲ್ಲ, ಅದು ಬ್ರೇಕ್ ದ ಫಾಸ್ಟ್, ಫಾಸ್ಟ್ ಅಂದ್ರೆ ಇಲ್ಲಿ ಉಪವಾಸ. ನಾವು ದಿನಾ ತಿನ್ನುವ ಬ್ರೆಕ್‌ಫಾಸ್ಟೂ ಅದೇ, ರಾತ್ರಿಯ ಉಪವಾಸ ಮುರಿಯುದು, ಉಚ್ಚಾರ ಬ್ರೆಕ್ ಅಂತ ಗಿಡ್ಡ ಆದ ಕಾರಣ ಯಾರ ಗಮನಕ್ಕೂ ಬರುದಿಲ್ಲ.

ಮಳೆ ವಿಷಯದಲ್ಲಿ ಸ್ವಲ್ಪ ಜಾಗ್ರತೆ. "ದ ಮಾನ್ಸೂನ್ ಬ್ರೋಕ್" ಅಂದ್ರೆ ಮಳೆ ಶುರುವಾಯ್ತು, "ಬ್ರೇಕ್ ಇನ್ ದ ಮಾನ್ಸೂನ್" ಅಂದ್ರೆ ಮಳೆಗೆ ಬಿಡುವು ಸಿಕ್ತು, ಒಂದೇ ಶಬ್ದ ಉಲ್ಟಾ ಉಲ್ಟಾ ಹೇಳ್ತದಲ್ಲ ಅಂತ ಮಕ್ಕಳು ಜಗಳಕ್ಕೇ ಬರ್ತಾರೆ. ನಮ್ಮ ಪ್ರಶ್ನೆ ಹಾಕಿ ನೋಡಿ. ಜೂನಲ್ಲಿ ಅಷ್ಟರವರೆಗೆ ನಡೀತಾ ಇದ್ದದ್ದು ಸೆಕೆ, ಅದನ್ನು ಮುರಿದು ಮಳೆ ಬಂತು. ಜುಲೈ ಆಗಸ್ಟಲ್ಲಿ ನಡೀತಾ ಇದ್ದದ್ದು ಮಳೆ, ಮಾನ್ಸೂನಿನ ಕಡಿಮೆ ಒತ್ತಡದ ಪಟ್ಟಿ ಹಿಮಾಲಯದ ಬುಡಕ್ಕೆ ಸರಿದ್ರೆ ನಮ್ಮ ಕರಾವಳಿಯಲ್ಲಿ ಮಳೆ ಕಡಿಮೆ ಆಗ್ತದೆ, ಹವಾಮಾನದವರೂ ಅದನ್ನು ಬ್ರೇಕ್ ಅಂತ್ಲೇ ಕರೀತಾರೆ. ಡೇಬ್ರೇಕೂ ಹಾಗೇ, ಕತ್ತಲೆ ಮುರಿದು ಬೆಳಗಾಗುದು.

ರೆಕಾರ್ಡಿಗೆ ಬನ್ನಿ. 2020ರಲ್ಲಿ ಐಕಳ ಕಂಬಳದ ಕರೆಯಲ್ಲಿ (ಕೋಣ ಓಡಿಸುವ ಕೆಸರಿನ ಓಟದ ದಾರಿಯಲ್ಲಿ) ಶ್ರೀನಿವಾಸ ಗೌಡರು ಓಡಿದ್ದನ್ನು 100 ಮೀಟರಿಗೆ ಲೆಕ್ಕ ಹಾಕಿ 9.55 ಸೆಕೆಂಡ್ ಅಂದ್ರು, ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನಲ್ಲಿ ಓಡಿದ್ದು 9.58. ಇದನ್ನು ಇಂಗ್ಲಿಷಲ್ಲಿ ಬರೀಲಿಕ್ಕೆ ಹೇಳಿದ್ರೆ ಎಲ್ರೂ "ಹೀ ಬ್ರೋಕ್ ಬೋಲ್ಟ್ಸ್ ರೆಕಾರ್ಡ್" ಅಂತ ಬರೀತಾರೆ. ಕೋಣಗಳ ಹಿಂದೆ ಕೆಸರುಗದ್ದೆಯಲ್ಲಿ ಓಡಿದ್ದು ಟ್ರ್ಯಾಕಿನ ಲೆಕ್ಕಕ್ಕೆ ಬರುದಿಲ್ಲ, ಬೋಲ್ಟಿನ ರೆಕಾರ್ಡ್ ಅದ್ರಿಂದ ಮುರೀಲಿಲ್ಲ, ಹಾಗಾಗಿ ಬ್ರೋಕ್ ಹಾಕ್ಲಿಕ್ಕಿಲ್ಲ, "ಫಾಸ್ಟರ್ ದ್ಯಾನ್ ಬೋಲ್ಟ್ಸ್ ಟೈಮ್" ಅಂತ ಬೇಕಾದ್ರೆ ಬರೀರಿ. ಅಭಿಮಾನ ಬೇರೆ, ಗ್ರಾಮರ್ ಬೇರೆ.

ಪ್ರಾಮಿಸ್, ರೂಲ್, ಸೈಲೆನ್ಸ್ ಇವಕ್ಕೆಲ್ಲ ಕಣ್ಣುಮುಚ್ಚಿ ಬ್ರೇಕ್ ಹಾಕಿ. "ಬ್ರೇಕ್ ದ ನ್ಯೂಸ್" ಅಂತ ಮನೆಯವರ ಮಧ್ಯೆ ಹೇಳಿದ್ರೆ ಹೆಚ್ಚಾಗಿ ಬೇಸರದ ಸುದ್ದಿಯನ್ನು ಮೆಲ್ಲ ತಿಳಿಸುದು, ಟಿವಿಯವರು ಬೊಬ್ಬೆ ಹೊಡೆಯುದು ಬೇರೆ. 500ರ ನೋಟು ಕೊಟ್ಟು "ಕ್ಯಾನ್ ಯೂ ಬ್ರೇಕ್ ದಿಸ್" ಅಂದ್ರೆ ಚಿಲ್ಲರೆ ಉಂಟಾ ಅಂತ, ಸಿಟಿ ಬಸ್ ಕಂಡಕ್ಟರ್ ಹತ್ರ ಯಾವ ಭಾಷೆಯಲ್ಲಿ ಕೇಳಿದ್ರೂ ಬೈಗುಳ ಒಂದೇ. "ಬ್ರೇಕ್ ಎ ಲೆಗ್" ಅಂತ ಸ್ಟೇಜ್ ಹತ್ತುವವರಿಗೆ ಹೇಳುದು ಶುಭ ಆಗ್ಲಿ ಅಂತ, ಆದ್ರೆ ಅದನ್ನು ಕನ್ನಡ ಮಾಡಿ ಯಕ್ಷಗಾನದ ಚೌಕಿಯಲ್ಲಿ (ವೇಷ ಹಾಕುವ ಕೋಣೆಯಲ್ಲಿ) ಹೇಳ್ಲಿಕ್ಕೆ ಹೋಗ್ಬೇಡಿ.

ಇನ್ನೊಂದು, ಬ್ರೋಕ್ ಮತ್ತು ಬ್ರೋಕನ್. "ಐ ಆ್ಯಮ್ ಬ್ರೋಕ್" ಅಂದ್ರೆ ಕಿಸೆಯಲ್ಲಿ ಕಾಸಿಲ್ಲ, "ಐ ಆ್ಯಮ್ ಬ್ರೋಕನ್" ಅಂದ್ರೆ ಮನಸ್ಸು ಮುರಿದು ಹೋಗಿದೆ. ತಿಂಗಳ ಕೊನೆಗೆ ಫ್ರೆಂಡಿಗೆ ಎರಡನೇದ್ದು ಮೆಸೇಜ್ ಮಾಡಿದ್ರೆ ದುಡ್ಡಿನ ಬದ್ಲು ಸಮಾಧಾನ ಮಾಡ್ಲಿಕ್ಕೆ ಫೋನ್ ಬರ್ತದೆ.

ಮತ್ತೆ ಬಸ್ಸಿನ ಬ್ರೇಕ್. ಕನ್ನಡದಲ್ಲಿ ಬರೆದ್ರೆ ಎರಡೂ ಒಂದೇ, ಕೇಳ್ಲಿಕ್ಕೂ ಒಂದೇ, ಆದ್ರೆ ಗಾಡಿ ನಿಲ್ಲಿಸುವ ಬ್ರೇಕಿಗೆ ಬಿ ಆರ್ ಎ ಕೆ ಇ, ಒಡೆಯುವ ಬ್ರೇಕಿಗೆ ಬಿ ಆರ್ ಇ ಎ ಕೆ. ಚಹಾ ಕುಡೀಲಿಕ್ಕೆ ತಗೊಳ್ಳುವ ಬ್ರೇಕ್ ಎರಡನೇ ಸ್ಪೆಲಿಂಗಿನದ್ದು.