ಕಿಯಾಂತಿ ಗುಡ್ಡಗಳಲ್ಲಿ ಒಂದು ದಿನ: ಎರಡು ವೈನರಿ, ನಡುವೆ ಒಂದು ಊಟ

ಇಟಲಿಯ ಫ್ಲಾರೆನ್ಸ್ ಮತ್ತು ಸಿಯೆನಾ ನಡುವಿನ ಕಿಯಾಂತಿ ಕ್ಲಾಸಿಕೊ ಪ್ರದೇಶಕ್ಕೆ ಜನರನ್ನು ವೈನ್ ರುಚಿ ನೋಡಲು ಕರೆದೊಯ್ಯುವಾಗ ನಾನು ದಿನಕ್ಕೆ ಎರಡೇ ವೈನರಿ ಇಟ್ಟುಕೊಳ್ಳುತ್ತೇನೆ. ಬೆಳಿಗ್ಗೆ ಹತ್ತೂವರೆಗೆ ಒಂದು, ಒಂದು ಗಂಟೆಗೆ ಊಟ, ಮೂರೂವರೆಗೆ ಇನ್ನೊಂದು. ಮೂರನೆಯದನ್ನೂ ಸೇರಿಸಿ ಎನ್ನುವವರು ಇದ್ದೇ ಇರುತ್ತಾರೆ. ಒಂದು ಕಡೆ ಐದು ವೈನ್, ಒಂದೊಂದೂ 50 ಮಿ.ಲೀ. ಎಂದರೆ 250 ಮಿ.ಲೀ. ಆಯಿತು, ಬಾಟಲಿಯ ಮೂರನೇ ಒಂದು ಭಾಗ. ಮೂರು ಕಡೆ ಸೇರಿದರೆ ತಲೆಗೊಂದು ಬಾಟಲಿ. ಅಷ್ಟು ಹೊತ್ತಿಗೆ ನಾಲಗೆಗೆ ಒಗರೊಂದು ಬಿಟ್ಟು ಬೇರೇನೂ ತಿಳಿಯುವುದಿಲ್ಲ. ಎರಡೇ ಕಡೆ ಹೋದರೂ ಅರ್ಧದಷ್ಟನ್ನು ಉಗುಳಿ ಎಂದೇ ಹೇಳುತ್ತೇನೆ. ಮೇಜಿನ ಮೇಲೆ ಅದಕ್ಕೆಂದೇ ಪಾತ್ರೆ ಇಟ್ಟಿರುತ್ತಾರೆ, ಯಾರೂ ತಪ್ಪು ತಿಳಿಯುವುದಿಲ್ಲ.

ಕಾರು ಬಾಡಿಗೆಗೆ ಪಡೆದು ತಾವೇ ಓಡಿಸುತ್ತೇವೆ ಎನ್ನುವವರಿಗೆ ಬೇಡ ಎನ್ನುತ್ತೇನೆ. ಇಟಲಿಯಲ್ಲಿ ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಆಲ್ಕೋಹಾಲ್ ಮೀರುವಂತಿಲ್ಲ. ಲೈಸೆನ್ಸ್ ಸಿಕ್ಕಿ ಮೂರು ವರ್ಷ ಆಗಿರದಿದ್ದರೆ ಒಂದು ಗುಟುಕೂ ಇಲ್ಲ. ಚಾಲಕನ ಸಮೇತ ವಾಹನ ಗೊತ್ತುಮಾಡುವುದೇ ಸರಿ. ಫ್ಲಾರೆನ್ಸಿನಿಂದ ಸಿಯೆನಾಕ್ಕೆ ಹೋಗುವ 222ನೇ ನಂಬರಿನ ಕಿಯಾಂತಿಜಾನಾ ರಸ್ತೆ ತಿರುವು ಮುರುವಿನದು, ವಾಂತಿಯಾಗುವವರು ಮುಂದಿನ ಸೀಟಿನಲ್ಲಿ ಕೂರಲಿ. ವಾಂತಿ ತಡೆಯುವ ಮಾತ್ರೆಯ ಮೇಲೆ ವೈನ್ ಕುಡಿದರೆ ವಿಪರೀತ ನಿದ್ದೆ ಎಳೆಯುತ್ತದೆ, ಅಂಥವರು ಅವತ್ತು ಮೂಸಿ ಉಗುಳುವುದಷ್ಟಕ್ಕೇ ನಿಲ್ಲಿಸಲಿ.

ಮೇ, ಜೂನ್ ಅಥವಾ ಅಕ್ಟೋಬರ್ ಕೊನೆ ಒಳ್ಳೆಯ ಕಾಲ. ಆಗಸ್ಟ್ 15ರ ಆಸುಪಾಸಿನಲ್ಲಿ ಇಟಲಿಯೇ ರಜೆ ಹಾಕಿರುತ್ತದೆ. ಸೆಪ್ಟೆಂಬರ್ ನಡುವಿನಿಂದ ದ್ರಾಕ್ಷಿ ಕೊಯ್ಲು. ನೋಡಲು ಚೆಂದ, ಆದರೆ ವೈನ್ ಮಾಡುವವರಿಗೆ ನಿಮ್ಮ ಜೊತೆ ಕೂರಲು ಪುರುಸೊತ್ತಿರುವುದಿಲ್ಲ. ಸಣ್ಣ ವೈನರಿಗಳಿಗೆ ಮೊದಲೇ ಬರೆದು ಸಮಯ ಪಡೆಯಿರಿ, ಹೇಳದೆ ಕೇಳದೆ ಹೋದರೆ ಗೇಟು ಮುಚ್ಚಿರುತ್ತದೆ. ಅಂದು ಸೆಂಟು ಹಾಕಿಕೊಳ್ಳಬೇಡಿ, ಪಕ್ಕದವರ ಲೋಟಕ್ಕೂ ಅದೇ ವಾಸನೆ.

ಬಾಟಲಿಯ ಮೇಲೆ ಕಪ್ಪು ಹುಂಜದ ಗುರುತಿದ್ದರೆ ಅದು ಕಿಯಾಂತಿ ಕ್ಲಾಸಿಕೊ. ಬರೀ ಕಿಯಾಂತಿ ಎಂದಿದ್ದರೆ ಬೇರೆ ವೈನ್, ನಿಯಮವೂ ಬೇರೆ. ಕ್ಲಾಸಿಕೊದಲ್ಲಿ ಕನಿಷ್ಠ ಶೇ. 80 ಸಾಂಜೊವೇಸೆ ದ್ರಾಕ್ಷಿ ಇರಬೇಕು. ಇದರಲ್ಲಿ ಮೂರು ದರ್ಜೆ: ಅನ್ನಾತಾ ಕನಿಷ್ಠ 12 ತಿಂಗಳು, ರಿಸೆರ್ವಾ 24, ಗ್ರಾನ್ ಸೆಲೆತ್ಸಿಯೋನೆ 30 ತಿಂಗಳು ಮಾಗಿರಬೇಕು. ರುಚಿ ನೋಡುವುದೂ ಇದೇ ಕ್ರಮದಲ್ಲಿ. ಹಿಂದುಮುಂದಾದರೆ ಅನ್ನಾತಾ ನೀರು ನೀರೆನಿಸಿ ಅದರ ಚೆರ್ರಿ ಹಣ್ಣಿನ ಪರಿಮಳ ಕೈತಪ್ಪುತ್ತದೆ.

ಲೋಟ ಕೈಗೆ ಬಂದಾಗ ಅಲ್ಲಾಡಿಸದೆ ಒಮ್ಮೆ ಮೂಸಿ. ನೆನೆದ ರಟ್ಟಿನ ವಾಸನೆ ಬಂದರೆ ಕಾರ್ಕು ಕೆಟ್ಟಿದೆ ಎಂದರ್ಥ, ಬೇರೆ ಬಾಟಲಿ ಕೇಳಲು ಸಂಕೋಚ ಬೇಡ. ಆಮೇಲೆ ಲೋಟ ತಿರುಗಿಸಿ ಮತ್ತೆ ಮೂಸಿ, ಒಂದು ಗುಟುಕನ್ನು ಬಾಯೆಲ್ಲ ಆಡಿಸಿ. ಮೊದಲು ಹುಳಿ, ಹಿಂದೆಯೇ ವಸಡನ್ನು ಹಿಡಿಯುವ ಒಗರು, ನೇರಳೆ ಹಣ್ಣು ತಿಂದಾಗಿನ ಹಾಗೆ. ಬೇಸಿಗೆಯಲ್ಲಿ ಕೋಣೆಯ ಕಾವಿಗೆ ವೈನ್ 25 ಡಿಗ್ರಿ ದಾಟಿದ್ದರೆ ಮೂಗಿಗೆ ಬರೀ ಆಲ್ಕೋಹಾಲಿನ ಘಾಟು ಹೊಡೆಯುತ್ತದೆ. ಬಾಟಲಿಯನ್ನು ಹತ್ತು ನಿಮಿಷ ಐಸ್ ನೀರಿನಲ್ಲಿ ಇಡಲು ಹೇಳಿ, 16ರಿಂದ 18 ಡಿಗ್ರಿಗೆ ಇಳಿಯಲಿ.

ತಿಂಡಿ ಬಂದ ಕೂಡಲೇ ಜನ ತಿನ್ನುತ್ತ ಕುಡಿಯುತ್ತ ಎರಡನ್ನೂ ಬೆರೆಸಿಬಿಡುತ್ತಾರೆ. ಮೊದಲು ಬರೀ ವೈನ್, ಆಮೇಲೆ ಒಂದು ಚೂರು ಮಾಗಿದ ಪೆಕೊರಿನೊ, ಅಂದರೆ ಕುರಿ ಹಾಲಿನ ಚೀಸ್, ನುಂಗಿದ ಮೇಲೆ ಮತ್ತೆ ವೈನ್. ಈ ಸಲ ಒಗರು ತಗ್ಗಿ ಹಣ್ಣಿನ ರುಚಿ ಮುಂದೆ ಬರುತ್ತದೆ. ಚೀಸಿನ ಜಿಡ್ಡು, ಪ್ರೋಟೀನು, ಉಪ್ಪು ಮೂರೂ ಒಗರನ್ನು ಹಿಡಿದಿಡುತ್ತವೆ. ಇಡೀ ದಿನದಲ್ಲಿ ಇದೊಂದನ್ನು ಗಮನವಿಟ್ಟು ಮಾಡಿದರೂ ಸಾಕು, ಆ ಊರಿನ ಅಡುಗೆ ಯಾಕೆ ಹಾಗಿದೆ ಎಂದು ಗೊತ್ತಾಗುತ್ತದೆ. ಬ್ರೆಡ್ಡಿಗೆ ಅಲ್ಲಿ ಉಪ್ಪೇ ಹಾಕುವುದಿಲ್ಲ, ಉಪ್ಪೆಲ್ಲ ಚೀಸು ಮಾಂಸದಲ್ಲಿ. ಇನ್ನು ಚಟ್ನಿಪುಡಿ, ಉಪ್ಪಿನಕಾಯಿ ಚೀಲದಲ್ಲೇ ಇರಲಿ. ಮೆಣಸಿನ ಖಾರದ ಮೇಲೆ ಆಲ್ಕೋಹಾಲು ಬಾಯಿ ಉರಿಸುತ್ತದೆ, ಒಗರೂ ಕಹಿಯಾಗುತ್ತದೆ.

ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಬಿಡಿಸಿ ಹೇಳಬೇಕು. ಸುಟ್ಟ ಬ್ರೆಡ್ಡಿನ ಮೇಲೆ ಕಂದು ಬಣ್ಣದ ಚಟ್ನಿಯಂಥದ್ದು ಸವರಿ ತಂದರೆ ಮುಟ್ಟಬೇಡಿ, ಅದು ಕೋಳಿಯ ಪಿತ್ತಜನಕಾಂಗ. ಪೆಕೊರಿನೊ ತೊಸ್ಕಾನೊ, ಪಾರ್ಮಿಜಾನೊ ಎರಡೂ ಚೀಸಿಗೆ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ ಬಳಸುತ್ತಾರೆ. ಅದು ಬೇಡದವರು ‘ಕಾಲ್ಯೊ ವೆಜೆತಾಲೆ’ ಎಂದು ಕೇಳಿ, ಸಸ್ಯದ ರೆನ್ನೆಟ್ಟಿನ ಚೀಸೂ ಸಿಗುತ್ತದೆ. ಊಟಕ್ಕೆ ಟೊಮೇಟೊ ಮತ್ತು ಹಳೇ ಬ್ರೆಡ್ಡಿನ ಪಾಪ್ಪಾ ಆಲ್ ಪೊಮೊದೋರೊ ಬಹಳ ಒಳ್ಳೆಯದು, ಟೊಮೇಟೊ ಹುಳಿಗೆ ಸಾಂಜೊವೇಸೆಯ ಹುಳಿ ಸರಿಯಾಗಿ ಹೊಂದುತ್ತದೆ. ಕಪ್ಪೆಲೆ ಕೋಸು, ಬಿಳಿ ಬೀನ್ಸ್ ಕಾಳಿನ ರಿಬೊಲ್ಲಿತಾ ಸೂಪಿಗೆ ಕೆಲವರು ಮಾಂಸದ ಸಾರು ಹಾಕುತ್ತಾರೆ, ಕೇಳಿಕೊಂಡು ತರಿಸಿ.

ಆಲಿವ್ ಎಣ್ಣೆಯ ರುಚಿಯನ್ನು ಊಟಕ್ಕೆ ಮುಂಚೆಯೇ ಇಡಿಸುತ್ತೇನೆ. ಒಂದು ಚಮಚದಷ್ಟನ್ನು ಸಣ್ಣ ಲೋಟದಲ್ಲಿ ಹಾಕಿ, ಅಂಗೈಯಿಂದ ಮುಚ್ಚಿ ಬೆಚ್ಚಗೆ ಮಾಡಿ, ಗಾಳಿಯ ಜೊತೆ ಸುರ್ರೆಂದು ಎಳೆದುಕೊಳ್ಳಿ. ಗಂಟಲು ಕೆರೆದು ಕೆಮ್ಮು ಬಂದರೆ ಅದು ದೋಷವಲ್ಲ, ತಾಜಾ ಎಣ್ಣೆಯ ಗುಣ. ಹಳಸಿದ ಶೇಂಗಾದ ವಾಸನೆ ಇದ್ದರೆ ಮಾತ್ರ ಕೊಳ್ಳಬೇಡಿ. ಹೊಸ ಎಣ್ಣೆ ಬರುವುದು ನವೆಂಬರಿನಲ್ಲಿ.

ಕೊನೆಗೆ ಒಣಗಿಸಿದ ದ್ರಾಕ್ಷಿಯ ಸಿಹಿ ವೈನ್ ವಿನ್ ಸಾಂತೊ, ಜೊತೆಗೆ ಬಾದಾಮಿಯ ಕಾಂತುಚ್ಚಿ ಬಿಸ್ಕತ್ತು. ಅದ್ದುವ ಮೊದಲು ಒಂದು ಗುಟುಕು ಹಾಗೇ ಕುಡಿಯಿರಿ. ಸಣ್ಣ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಟ್ಟದ್ದರ ಪರಿಮಳ ಬಿಸ್ಕತ್ತಿನ ಚೂರು ಬಿದ್ದ ಮೇಲೆ ಸಿಗುವುದಿಲ್ಲ.

ಬಾಟಲಿ ಕೊಳ್ಳುವವರಿಗೆ ಇನ್ನೊಂದು ಲೆಕ್ಕ. ಭಾರತಕ್ಕೆ ಸುಂಕವಿಲ್ಲದೆ ತರಬಹುದಾದ್ದು ಒಬ್ಬರಿಗೆ ಎರಡು ಲೀಟರು. 750 ಮಿ.ಲೀ.ಯ ಎರಡು ಬಾಟಲಿ, ಜೊತೆಗೆ ವಿನ್ ಸಾಂತೊದ 375 ಮಿ.ಲೀ.ಯ ಚಿಕ್ಕದೊಂದು ಅದರೊಳಗೆ ಹಿಡಿಯುತ್ತದೆ. ಬಟ್ಟೆಯಲ್ಲಿ ಸುತ್ತಿ ಸೂಟ್‌ಕೇಸಿನ ನಡುವೆ ಇಡಿ, ಕೈಚೀಲದಲ್ಲಿ ಒಯ್ಯಲು ಹಲವು ವಿಮಾನ ನಿಲ್ದಾಣಗಳಲ್ಲಿ ಬಿಡುವುದಿಲ್ಲ.